ಮುಟ್ಟಿದರಷ್ಟೇ ಉಳಿಯುವ ಅಸಲು

(ಕುರೆಕುಪ್ಪದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಎಂಬುದರ ಕಟ್ಟಳೆ ನಿಮಗೆಲ್ಲ ಗೊತ್ತಿರುವಂಥದ್ದೇ. ಮನೆಯ ಹಿರಿಯರ ಹೆಸರಿನಲ್ಲಿ ಒಂದಿಷ್ಟು ಹಣವನ್ನು ಬ್ಯಾಂಕಿನಲ್ಲಿ ಇಡುತ್ತಾರೆ. ಆ ಅಸಲನ್ನು ಯಾರೂ ಮುಟ್ಟುವಂತಿಲ್ಲ. ವರ್ಷಕ್ಕೆ ಬರುವ ಬಡ್ಡಿಯಲ್ಲಿ ಒಂದು ಉಪನ್ಯಾಸ ನಡೆಯುತ್ತದೆ. ಇಟ್ಟವರು ಹೋದರೂ ಅಸಲು ಇರುತ್ತದೆ, ಅಸಲು ಇರುವವರೆಗೆ ಹೆಸರು ಇರುತ್ತದೆ. ಈ ದತ್ತಿಯನ್ನು ಇಟ್ಟವರು ತಮ್ಮ ತಾಯಿಯ ನೆನಪಿಗೆ ಇಟ್ಟಿದ್ದಾರೆ. ಕಲೆ, ಕಸುಬುಗಳಲ್ಲಿ ತೊಡಗಿದ ಹೆಣ್ಣುಮಕ್ಕಳ ಬಗ್ಗೆ ಮಾತಾಡಿ ಎಂದು ನನಗೆ ಹೇಳಿದ್ದಾರೆ. ಆ ತಾಯಿಗೆ ಮೊದಲು ನಮಸ್ಕಾರ.

ಈ ಮಾತಿಗೆ ತಯಾರಿ ಮಾಡಿಕೊಳ್ಳುವಾಗ ಅಸಲು–ಬಡ್ಡಿಯ ಲೆಕ್ಕವೇ ತಲೆಯಲ್ಲಿ ಸುಳಿಯುತ್ತಿತ್ತು. ನಾನು ಇಂದು ನೆನೆಯಬೇಕೆಂದಿರುವ ಹೆಣ್ಣುಮಕ್ಕಳ ಹತ್ತಿರವೂ ದೊಡ್ಡ ಅಸಲು ಇತ್ತು. ಅದನ್ನು ಅವರು ಇಟ್ಟಿದ್ದು ನಾಲಗೆಯಲ್ಲಿ, ಬೆರಳಿನಲ್ಲಿ, ಕತ್ತಿನಲ್ಲಿ. ಆದರೆ ಆ ಅಸಲಿನ ಕಾನೂನು ಬ್ಯಾಂಕಿನ ಕಾನೂನಿಗೆ ತಿರುವುಮುರುವು. ಬ್ಯಾಂಕಿನ ಹಣ ಮುಟ್ಟದಿದ್ದರೆ ಉಳಿಯುತ್ತದೆ. ಬಾಯಲ್ಲಿರುವ ಕಾವ್ಯ, ಕೈಯಲ್ಲಿರುವ ಕಸೂತಿ ಮುಟ್ಟದಿದ್ದರೆ ಕರಗುತ್ತದೆ. ದಿನಾ ತೆಗೆದು ಖರ್ಚು ಮಾಡಿದಷ್ಟೂ ಅದು ಬೆಳೆಯುತ್ತದೆ. ಇಂದು ನಾನು ಹೇಳಲಿಕ್ಕೆ ಬಂದಿರುವುದು ಇದೊಂದೇ ಮಾತು.

ದರೋಜಿಯ ತಂಬೂರಿ

ತೋರಣಗಲ್ಲಿನ ಹತ್ತಿರದ ಊರು ದರೋಜಿ. ಹೊರಗಿನವರಿಗೆ ಅದು ಕರಡಿಧಾಮದ ಊರು, ಕೆರೆಯ ಊರು. ಕನ್ನಡದ ಜನಪದ ಕಾವ್ಯವನ್ನು ಬಲ್ಲವರಿಗೆ ಅದು ಈರಮ್ಮನವರ ಊರು. ಬುರ್ರಕಥಾ ಈರಮ್ಮ ಎಂದೇ ನಾಡು ಅವರನ್ನು ಕರೆಯಿತು.

ಈರಮ್ಮನವರು ಬುಡ್ಗ ಜಂಗಮ ಎಂಬ ಅಲೆಮಾರಿ ಸಮುದಾಯದವರು. ಊರೂರು ತಿರುಗಿ ಕಥೆ ಹೇಳುವುದೇ ಆ ಜನರ ಹೊಟ್ಟೆಪಾಡು. ಈರಮ್ಮನವರು ಶಾಲೆಯ ಮೆಟ್ಟಿಲು ಹತ್ತಲಿಲ್ಲ, ಓದು ಬರಹ ಕಲಿಯಲಿಲ್ಲ. ಚಿಕ್ಕ ವಯಸ್ಸಿನಲ್ಲೇ ತಂದೆಯಿಂದ ಕಥೆಗಳನ್ನು ಕೇಳಿ ಕೇಳಿ ಕಲಿತರು. ಮುಂದೆ ಮನೆಯ ಹೆಂಗಸರನ್ನೇ ಜೊತೆಗೆ ನಿಲ್ಲಿಸಿಕೊಂಡು ಮೇಳ ಕಟ್ಟಿದರು. ಹೆಗಲಿಗೆ ತಂಬೂರಿ, ಕಾಲಲ್ಲಿ ಗೆಜ್ಜೆ, ಇಬ್ಬದಿಯಲ್ಲಿ ವಾದ್ಯ ಹಿಡಿದ ಜೊತೆಗಾರ್ತಿಯರು. ಮುಂದಾಳು ಕಥೆಯನ್ನು ಎತ್ತಿಕೊಳ್ಳುತ್ತಾಳೆ, ಜೊತೆಯವರು ಸೊಲ್ಲು ಹಿಡಿಯುತ್ತಾರೆ, ನಡುನಡುವೆ ಪ್ರಶ್ನೆ ಕೇಳುತ್ತಾರೆ. ಹಾಡು, ಮಾತು, ಕುಣಿತ ಮೂರೂ ಕೂಡಿದರೆ ಬುರ್ರಕಥೆ. ಒಂದು ಕಥೆ ಒಂದೇ ರಾತ್ರಿಗೆ ಮುಗಿಯುವಂಥದ್ದಲ್ಲ.

ಈರಮ್ಮನವರ ನಾಲಗೆಯ ಮೇಲೆ ಇಂಥ 12 ಕಾವ್ಯಗಳಿದ್ದವು. ಕುಮಾರರಾಮ, ಬಬ್ಬುಲಿ ನಾಗಿರೆಡ್ಡಿ, ಬಾಲನಾಗಮ್ಮ, ಜೈಸಿಂಗರಾಜ ಹೀಗೆ. ಅಚ್ಚಿಗೆ ಇಳಿಸಿದರೆ ಸಾವಿರಾರು ಪುಟವಾಗುವ ಸಂಪತ್ತು. ಅಕ್ಷರ ಗೊತ್ತಿಲ್ಲದ ಒಬ್ಬ ಹೆಣ್ಣುಮಗಳು ತನ್ನೊಳಗೆ ಒಂದು ಗ್ರಂಥಾಲಯವನ್ನೇ ಹೊತ್ತು ಈ ಮಣ್ಣಿನ ದಾರಿಗಳಲ್ಲಿ ನಡೆದಾಡಿದರು.

ಕುಮಾರರಾಮನ ಕಥೆಯನ್ನೇ ನೋಡಿ. ಕಂಪಿಲರಾಯನ ಮಗ, ಕುಮ್ಮಟದುರ್ಗದ ವೀರ. ನಮ್ಮ ಕಂಪ್ಲಿಯ ಹೆಸರಿನೊಡನೆ ಬೆಸೆದುಕೊಂಡ ಮನೆತನ ಅದು. 14ನೇ ಶತಮಾನದ ಮೊದಲ ಭಾಗದಲ್ಲಿ ದಿಲ್ಲಿಯ ದಂಡು ಈ ಸೀಮೆಗೆ ಬಂದಾಗ ಹೋರಾಡಿ ಮಡಿದವನು. ಅವನ ಕಥೆಯನ್ನು ನಂಜುಂಡನಂಥ ಕವಿಗಳು ಸಾಂಗತ್ಯದಲ್ಲಿ ಬರೆದರು. ಬರೆದದ್ದು ಓಲೆಯಲ್ಲಿ ಉಳಿಯಿತು. ಓಲೆ ಇಲ್ಲದವರು ಅದೇ ಕಥೆಯನ್ನು ಬಾಯಿಂದ ಬಾಯಿಗೆ ದಾಟಿಸಿದರು. ಚೆಂಡಾಟ, ಮಲತಾಯಿ ರತ್ನಾಜಿಯ ಮೋಹ, ಸುಳ್ಳು ದೂರು, ತಂದೆಯ ಸಿಟ್ಟು, ಮಂತ್ರಿ ಬೈಚಪ್ಪನ ಜಾಣತನ, ಕೊನೆಯ ಯುದ್ಧ. ಸುಮಾರು ಏಳುನೂರು ವರ್ಷ ಹಿಂದಿನ ಈ ಸಂಗತಿಗಳು ಈರಮ್ಮನವರವರೆಗೆ ಬಂದು ಮುಟ್ಟಿದ್ದು ಹೇಗೆ? ನಡುವೆ ಎಷ್ಟು ತಲೆಮಾರುಗಳು, ಎಷ್ಟು ಬರಗಾಲಗಳು, ಎಷ್ಟು ಸಾವುಗಳು! ಒಂದೇ ಒಂದು ತಲೆಮಾರು ಹಾಡುವುದನ್ನು ಬಿಟ್ಟಿದ್ದರೂ ಸರಪಳಿ ಕಳಚುತ್ತಿತ್ತು. ಯಾರೋ ದಿನಾ ಹಾಡಿದರು. ಅದಕ್ಕೇ ಅದು ಬಂತು.

ಪುಸ್ತಕ ಇದ್ದವರು ಮರೆಯಬಹುದು; ಮತ್ತೆ ತೆರೆದು ನೋಡಿಕೊಳ್ಳುತ್ತಾರೆ. ಪುಸ್ತಕ ಇಲ್ಲದವರಿಗೆ ನಿತ್ಯದ ರೂಢಿಯೇ ಪುಸ್ತಕ. ಈರಮ್ಮನವರ ಶಿಸ್ತನ್ನು ನಾವು ಬರೀ ಒಳ್ಳೆಯ ಗುಣ ಎಂದು ಹೊಗಳಿದರೆ ಸಾಲದು. ಅವರು ಒಂದು ದಿನ ಹಾಡದಿದ್ದರೆ ಅಷ್ಟು ಪುಟ ಹರಿದಂತೆ. ಈ ಹೊಣೆಯನ್ನು ಹೊತ್ತೇ ಅವರು ಬದುಕಿದರು.

ಬಾಯಿಪಾಠ ಅಲ್ಲ, ಕಟ್ಟುವ ಕೆಲಸ

ವಿದ್ಯಾರ್ಥಿಗಳು ಇಲ್ಲಿ ಒಂದು ಪ್ರಶ್ನೆ ಕೇಳಬಹುದು: ಇಷ್ಟೊಂದನ್ನು ಬಾಯಿಪಾಠ ಮಾಡಲು ಸಾಧ್ಯವೇ? ಇದೇ ಪ್ರಶ್ನೆಯನ್ನು ಹಿಡಿದು ಅಮೆರಿಕದ ಮಿಲ್ಮನ್ ಪ್ಯಾರಿ ಎಂಬ ವಿದ್ವಾಂಸ ಯುಗೊಸ್ಲಾವಿಯದ ಹಳ್ಳಿಗಳಿಗೆ ಹೋಗಿದ್ದ. 1935ರಲ್ಲಿ ಅಲ್ಲಿ ಅವ್ದೊ ಮೆಜೆದೊವಿಚ್ ಎಂಬ ಗಾಯಕ ಸಿಕ್ಕ. ಓದು ಬರಹ ಬಾರದ ರೈತ. 12,000 ಸಾಲುಗಳನ್ನೂ ಮೀರಿದ ಒಂದು ಕಾವ್ಯವನ್ನು ಆತ ಹೇಳಿ ಬರೆಸಿದ. ಪ್ಯಾರಿಯ ಶಿಷ್ಯ ಆಲ್ಬರ್ಟ್ ಲಾರ್ಡ್ ಮುಂದೆ 1960ರಲ್ಲಿ ಹೊರತಂದ ಪುಸ್ತಕದಲ್ಲಿ ಇದರ ಒಳಗುಟ್ಟನ್ನು ಬಿಡಿಸಿ ಹೇಳಿದ. ಇಂಥ ಗಾಯಕರು ಪದಕ್ಕೆ ಪದ ಉರುಹೊಡೆಯುವುದಿಲ್ಲ. ಕುದುರೆ ಏರುವುದನ್ನು ಹೇಳುವ ನುಡಿಗಟ್ಟು, ಅರಮನೆಯನ್ನು ಬಣ್ಣಿಸುವ ನುಡಿಗಟ್ಟು, ತಾಯಿ ಅಳುವ ನುಡಿಗಟ್ಟು, ಇವೆಲ್ಲ ಲಯದಲ್ಲಿ ಕುದುರಿಕೊಂಡು ನಾಲಗೆಯ ತುದಿಯಲ್ಲಿರುತ್ತವೆ. ಹಾಡುವ ಹೊತ್ತಿನಲ್ಲಿ ಅವನ್ನು ಜೋಡಿಸುತ್ತ ಕಾವ್ಯವನ್ನು ಹೊಸದಾಗಿ ಕಟ್ಟುತ್ತಾರೆ. ಗಾರೆಯವನು ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟಂತೆ.

ಇದು ಅರ್ಥವಾದರೆ ನಮ್ಮ ಈರಮ್ಮನವರ ದೊಡ್ಡತನ ಇನ್ನೂ ಸ್ಪಷ್ಟವಾಗುತ್ತದೆ. ಅವರು ನೆನಪಿನ ಪೆಟ್ಟಿಗೆಯಾಗಿರಲಿಲ್ಲ, ಕವಿಯಾಗಿದ್ದರು. ಎದುರಿಗೆ ಕುಳಿತ ಜನ ಅತ್ತರೆ ಆ ದುಃಖವನ್ನು ಹಿಗ್ಗಿಸಬೇಕು, ಆಕಳಿಸಿದರೆ ಕುದುರೆಯನ್ನು ಓಡಿಸಬೇಕು. ಇದು ಪ್ರತಿ ಸಲವೂ ಪರೀಕ್ಷೆ. ಪ್ರತಿದಿನ ಇಟ್ಟಿಗೆ ಹೊತ್ತವರಿಗೆ ಮಾತ್ರ ಗೋಡೆ ನೆಟ್ಟಗೆ ಏಳುತ್ತದೆ.

ನಾಡು ಅವರನ್ನು ಗುರುತಿಸಿದ್ದು ತಡವಾಗಿ. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರ ಕಾವ್ಯಗಳನ್ನು ಬರಹಕ್ಕಿಳಿಸಿ ಪ್ರಕಟಿಸಿತು, ನಾಡೋಜ ಗೌರವ ನೀಡಿತು. ಓದಲು ಬಾರದ ತಾಯಿಯನ್ನು ವಿಶ್ವವಿದ್ಯಾಲಯ ನಾಡಿನ ಗುರು ಎಂದು ಕರೆದ ಆ ದಿನ ಕನ್ನಡಕ್ಕೆ ದೊಡ್ಡ ದಿನ. 2014ರ ಆಗಸ್ಟ್ 12ರಂದು ಈರಮ್ಮನವರು ತೀರಿಕೊಂಡರು. ಪುಸ್ತಕಗಳು ಉಳಿದಿವೆ. ಆ ಪುಸ್ತಕಗಳನ್ನು ಕಪಾಟಿನಿಂದ ತೆಗೆದು ದನಿ ಎತ್ತಿ ಓದುವವರು ಎಷ್ಟು ಜನ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಕನ್ನಡಿಯ ಸುತ್ತ ಒಂದು ದಾರ

ಈಗ ದರೋಜಿಯಿಂದ ಸಂಡೂರಿನ ಕಡೆಗೆ ಬರೋಣ. ನಮ್ಮ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯನ್ನು ನೀವೆಲ್ಲ ನೋಡಿಯೇ ಇದ್ದೀರಿ. ನೋಡಿದ್ದೀರಿ, ಆದರೆ ಹತ್ತಿರದಿಂದ ನೋಡಿದ್ದೀರಾ?

ಒಂದು ಮಧ್ಯಾಹ್ನ ಸಂಡೂರಿನ ಹತ್ತಿರದ ತಾಂಡಾವೊಂದರಲ್ಲಿ ಅಂಗಳದ ಬೇವಿನ ನೆರಳಿಗೆ ಕುಳಿತಿದ್ದ ಒಬ್ಬ ಅಜ್ಜಿಯ ಪಕ್ಕ ನಾನೂ ಕುಳಿತೆ. ಅವಳು ಒಂದು ಕನ್ನಡಿಚೂರನ್ನು ಬಟ್ಟೆಗೆ ಕೂಡಿಸುತ್ತಿದ್ದಳು. ಉಗುರಿನಷ್ಟಗಲದ ಕನ್ನಡಿ. ಅದಕ್ಕೆ ತೂತಿಲ್ಲ, ಸೂಜಿ ಚುಚ್ಚುವಂತಿಲ್ಲ. ಎಡಗೈ ಹೆಬ್ಬೆರಳಿನಲ್ಲಿ ಕನ್ನಡಿಯನ್ನು ಒತ್ತಿ ಹಿಡಿದು, ಅದರ ಮೇಲೆ ಅಡ್ಡ ಎರಡು ದಾರ, ಉದ್ದ ಎರಡು ದಾರ ಹಾಯಿಸಿದಳು. ಕಿಟಕಿಗೆ ಸರಳು ಹಾಕಿದ ಹಾಗೆ. ಆಮೇಲೆ ಆ ಸರಳುಗಳ ಅಡಿಯಲ್ಲಿ ಸೂಜಿ ತೂರಿಸಿ, ಅಂಚಿಗೆ ಎಳೆದು, ಬಟ್ಟೆಯನ್ನು ಒಂದು ಚೂರು ಕಚ್ಚಿಸಿ, ಮತ್ತೆ ಸರಳಿನ ಅಡಿಗೆ. ಹೀಗೆ ಸುತ್ತು ಬರುತ್ತಾ ಬರುತ್ತಾ ನಾಲ್ಕು ಸರಳುಗಳೂ ಅಂಚಿಗೆ ಸರಿದು ಮಾಯವಾದವು. ಕನ್ನಡಿಯ ಸುತ್ತ ದಾರದ ದುಂಡು ಕಟ್ಟೆಯೊಂದು ಎದ್ದು ನಿಂತಿತು. ದಾರ ಸಡಿಲಾದರೆ ಮೊದಲ ಒಗೆತಕ್ಕೇ ಕನ್ನಡಿ ಉದುರುತ್ತದೆ. ಬಿಗಿಯಾದರೆ ಬಟ್ಟೆ ಮುದುಡುತ್ತದೆ. ಎಷ್ಟು ಎಳೆಯಬೇಕು ಎಂದು ಕೇಳಿದೆ. ಅಜ್ಜಿ ತಲೆ ಎತ್ತದೆ, "ಬೆರಳಿಗೆ ಗೊತ್ತೈತವ್ವಾ" ಎಂದಳು.

ಆ ಮಾತನ್ನು ನಾನು ಮನೆಗೆ ಕಟ್ಟಿಕೊಂಡು ಬಂದೆ. ಬೆರಳಿಗೆ ಅದು ಗೊತ್ತಾಗಲು ಎಷ್ಟು ಸಾವಿರ ಕನ್ನಡಿಗಳು ಬೇಕಾಗಿರಬೇಕು!

ಈ ಕಸೂತಿಯ ಹೊಲಿಗೆಗಳಿಗೆ ಹೆಸರುಗಳಿವೆ: ಕೀಲನ್, ವೇಲೆ, ಮಕಿ, ಸೂರ್ಯಕಾಂತಿ ಮಕಿ, ರೇಲೊ, ಗದ್ರಿ, ನಕ್ರಾ ಮುಂತಾಗಿ. ಇವನ್ನು ಕಲಿಸಲು ಹಳೆಯ ಕಾಲದಲ್ಲಿ ಯಾವ ನಕ್ಷೆಯ ಹಾಳೆಯೂ ಇರಲಿಲ್ಲ. ತಾಯಿ ಹೊಲಿಯುತ್ತಿದ್ದಳು, ಮಗಳು ಪಕ್ಕದಲ್ಲಿ ಕೂರುತ್ತಿದ್ದಳು. ಚಿಂದಿ ಬಟ್ಟೆಗಳನ್ನು ಕೂಡಿಸಿ, ಕವಡೆ, ನಾಣ್ಯ, ಗಾಜು ಸೇರಿಸಿ ತಮ್ಮ ಉಡುಗೆಯನ್ನು ತಾವೇ ಮಾಡಿಕೊಳ್ಳುತ್ತಿದ್ದರು. ತೆಗೆದು ಬಿಸಾಡಬೇಕಾದ ತುಂಡುಬಟ್ಟೆಯೂ ಅವರ ಕೈಯಲ್ಲಿ ಹಬ್ಬದ ಉಡುಗೆಯಾಗುತ್ತಿತ್ತು.

ಮಾರುಕಟ್ಟೆಯ ಬಟ್ಟೆ ಅಗ್ಗವಾಗಿ ಸಿಗತೊಡಗಿದ ಮೇಲೆ ಈ ಕೆಲಸ ಮೂಲೆಗೆ ಸರಿಯುವ ಹೊತ್ತು ಬಂತು. ಅಂಥ ಹೊತ್ತಿನಲ್ಲಿ, 1980ರ ದಶಕದಲ್ಲಿ, ಸಂಡೂರಿನಲ್ಲಿ ಕುಶಲ ಕಲಾ ಕೇಂದ್ರ ತಲೆ ಎತ್ತಿತು. ಲಂಗ, ಕಂಚಳಿಗಳಲ್ಲಿದ್ದ ಕಸೂತಿ ಚೀಲಕ್ಕೆ, ದಿಂಬಿನ ಹೊದಿಕೆಗೆ, ಸೀರೆಗೆ, ಕುರ್ತಾಕ್ಕೆ ಬಂತು. ನೂರಾರು ಹೆಣ್ಣುಮಕ್ಕಳ ಕೈಗೆ ಇದರಿಂದ ದುಡಿಮೆ ಸಿಕ್ಕಿತು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಜಿಐ ಟ್ಯಾಗ್ ಕೂಡ ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ, 450ಕ್ಕೂ ಹೆಚ್ಚು ಲಂಬಾಣಿ ಕಸೂತಿಗಾರ್ತಿಯರು ಮಾಡಿದ 1,755 ವಸ್ತುಗಳನ್ನು ಒಂದೇ ಕಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಬೇರೆ ಬೇರೆ ದೇಶಗಳಿಂದ ಬಂದವರು ಬೆರಗಾಗಿ ನಿಂತು ನೋಡಿದ್ದು ನಮ್ಮ ತಾಂಡಾದ ಬೆರಳುಗಳ ಕೆಲಸವನ್ನು.

ದಾಖಲೆ ಒಂದು ದಿನದ್ದು. ಅದರ ಹಿಂದೆ ನಿಂತದ್ದು ಸಾವಿರಾರು ಮಧ್ಯಾಹ್ನಗಳು. ಹೊಲದ ಕೆಲಸ, ನೀರು, ಒಲೆ, ಮಕ್ಕಳು ಇವೆಲ್ಲ ಮುಗಿದ ಮೇಲೆ ಸಿಕ್ಕ ಬೆಳಕಿನಲ್ಲಿ ಹಾಕಿದ ಹೊಲಿಗೆಗಳು. ನಮ್ಮ ಅವ್ವನೂ ಹಾಗೆಯೇ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆಗಳನ್ನು ಪದರ ಪದರ ಹಾಸಿ, ಊಟದ ಸಾಮಾನು ತೊಳೆದಿಟ್ಟ ಮೇಲೆ ಸೂಜಿ ಹಿಡಿಯುತ್ತಿದ್ದಳು. ದಿನಕ್ಕೆ ಎರಡು ಗೇಣು ಮುಂದೆ ಹೋದರೆ ಅವಳಿಗೆ ಸಮಾಧಾನ. ಇವತ್ತು ಬಿಡು ಅವ್ವಾ ಎಂದರೆ, "ಒಂದು ದಿನ ಬಿಟ್ಟರ ಮರುದಿನ ಕೈ ಬೇರೆ ಆಗ್ತೈತಿ" ಎನ್ನುತ್ತಿದ್ದಳು. ಆ ಕೌದಿಯ ಹೊಲಿಗೆಯಲ್ಲಿ ಎಲ್ಲಿ ನಿಂತಿತು, ಎಲ್ಲಿ ಮತ್ತೆ ಶುರುವಾಯಿತು ಎಂದು ಇಂದಿಗೂ ನನಗೆ ಗುರುತಿಸಲು ಆಗಿಲ್ಲ.

ತಲೆಯ ಮೇಲಿನ ಕೊಡ

ಮೂರನೆಯವರು ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ. ಹುಟ್ಟಿದ್ದು ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ, ಗಂಡುಮಗುವೆಂದು. ಬೆಳೆಯುತ್ತ ತಾನು ಹೆಣ್ಣು ಎಂಬುದು ಒಳಗಿನಿಂದ ತಿಳಿಯಿತು. ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ ದೇವಿಗೆ ಮುಡಿಪಾಗಿ ಜೋಗತಿಯಾದರು. ಮುಂದಿನದು ಮನೆಯಿಂದ ದೂರವಾದ ಬದುಕು, ಭಿಕ್ಷೆ, ಅವಮಾನ, ಸಾಯಲು ಹೊರಟ ಗಳಿಗೆ. ಇದನ್ನೆಲ್ಲ ಅವರೇ ನಾಡಿನ ಮುಂದೆ ಬಿಚ್ಚಿ ಹೇಳಿಕೊಂಡಿದ್ದಾರೆ. ಅಲ್ಲಿಂದ ಅವರನ್ನು ಎತ್ತಿದ್ದು ಜೋಗತಿ ನೃತ್ಯ. ಕಾಳವ್ವ ಜೋಗತಿಯವರ ಬಳಿ ಅವರು ಪಳಗಿದರು.

ಜೋಗತಿ ನೃತ್ಯದಲ್ಲಿ ಎಲ್ಲಮ್ಮನ ಕೊಡವನ್ನು ತಲೆಯ ಮೇಲೆ ಹೊತ್ತು ಕುಣಿಯಬೇಕು. ಚೌಡಿಕೆ ವಾದ್ಯದ ದನಿಗೆ ಕಾಲು ಕುಣಿಯುತ್ತದೆ, ಸೊಂಟ ಬಳುಕುತ್ತದೆ, ಕೈ ಚಾಚುತ್ತದೆ; ಕತ್ತು ಮಾತ್ರ ಅಲುಗುವಂತಿಲ್ಲ. ಕುಣಿಯುವಾಗ ಕೊಡವನ್ನು ಕೈಯಿಂದ ಹಿಡಿಯುವುದಿಲ್ಲ. ನೋಡುವವರಿಗೆ ಅದು ದೇವಿಯ ಮಹಿಮೆ. ಕುಣಿಯುವವರಿಗೆ ಭಕ್ತಿಯ ಜೊತೆಗೆ ಇನ್ನೊಂದು ಬೇಕು: ಸಮತೂಕ. ಕೊಡದ ಭಾರ ನೆತ್ತಿಯ ಯಾವ ಬಿಂದುವಿನಲ್ಲಿ ನಿಂತರೆ ಬೀಳುವುದಿಲ್ಲ ಎಂಬುದನ್ನು ದೇಹವೇ ಕಲಿಯಬೇಕು. ಹೇಳಿ ಕಲಿಸಲು ಬರುವುದಿಲ್ಲ, ಮಾಡಿ ಮಾಡಿ ಬರಬೇಕು.

ಮಂಜಮ್ಮನವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಲಿಂಗತ್ವ ಅಲ್ಪಸಂಖ್ಯಾತರೊಬ್ಬರು ಆ ಕುರ್ಚಿಯಲ್ಲಿ ಕುಳಿತದ್ದು ಅದೇ ಮೊದಲು. 2021ರಲ್ಲಿ ಪದ್ಮಶ್ರೀ ಬಂತು. ಆ ವರ್ಷದ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ತೆಗೆದುಕೊಳ್ಳುವ ಮೊದಲು ತಮ್ಮ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರಲ್ಲ, ಅದನ್ನು ಇಡೀ ದೇಶ ನೋಡಿತು. ನಮ್ಮ ಕಡೆಯ ಅಜ್ಜಿಯರು ಮೊಮ್ಮಕ್ಕಳಿಗೆ ಮಾಡುವಂತೆ. ಯಾರ ಮನೆಯ ಬಾಗಿಲು ತನಗೆ ಮುಚ್ಚಿತ್ತೋ ಆ ಲೋಕಕ್ಕೇ ಒಳ್ಳೆಯದಾಗಲಿ ಎಂದು ಹರಸಿದ ಕೈ ಅದು. ತಲೆಯ ಮೇಲೆ ಕೊಡ ಹೊತ್ತು ಬೀಳದೆ ನಿಲ್ಲಲು ಕಲಿತವರಿಗೆ ಬದುಕಿನಲ್ಲೂ ಬೀಳದೆ ನಿಲ್ಲುವುದು ಬಂದಿತ್ತು.

ಸೈರನ್ ಇಲ್ಲದ ಶಿಫ್ಟ್

ಕುರೆಕುಪ್ಪದವರಿಗೆ ದುಡಿಮೆಯ ಶಿಸ್ತನ್ನು ನಾನು ಹೇಳಿಕೊಡಬೇಕಾಗಿಲ್ಲ. ಪಕ್ಕದಲ್ಲೇ ಉಕ್ಕಿನ ಕಾರ್ಖಾನೆ. ಬೆಳಗಿನ ಶಿಫ್ಟ್, ಮಧ್ಯಾಹ್ನದ ಶಿಫ್ಟ್, ರಾತ್ರಿ ಶಿಫ್ಟ್ ಎಂದು ಊರಿನ ಊಟ ನಿದ್ದೆಯೆಲ್ಲ ಆ ಗಡಿಯಾರಕ್ಕೆ ಹೊಂದಿಕೊಂಡಿದೆ. ಅಲ್ಲಿ ಹಾಜರಿ ಇದೆ, ಸಂಬಳ ಇದೆ, ತಡವಾದರೆ ಕೇಳುವವರಿದ್ದಾರೆ. ನಾನು ನೆನೆದ ಹೆಣ್ಣುಮಕ್ಕಳಿಗೆ ಹಾಜರಿ ಪುಸ್ತಕ ಇರಲಿಲ್ಲ, ಕೇಳುವವರೂ ಇರಲಿಲ್ಲ. ಇವತ್ತು ಹಾಡದಿದ್ದರೆ, ಹೊಲಿಯದಿದ್ದರೆ, ಕುಣಿಯದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಅವರು ತಮ್ಮ ಕೆಲಸಕ್ಕೆ ತಾವೇ ದಿನಾ ಹಾಜರಾದರು. ಉತ್ತರ ಕನ್ನಡದ ಅಂಕೋಲೆಯಲ್ಲಿ ಹಾಲಕ್ಕಿ ಸಮುದಾಯದ ಹಾಡುಗಳನ್ನು ಬದುಕಿನುದ್ದಕ್ಕೂ ಹಾಡಿ 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ ಅವರದೂ ಇದೇ ದಾರಿ.

ಇಲ್ಲಿ ಒಂದು ಎಚ್ಚರದ ಮಾತು ಹೇಳಲೇಬೇಕು. ಈ ಹೆಣ್ಣುಮಕ್ಕಳ ಶಿಸ್ತನ್ನು ಹಾಡಿ ಹೊಗಳಿ, ಅವರ ಬಡತನವನ್ನು ಮರೆಯುವುದು ತಪ್ಪು. ಬುರ್ರಕಥೆ ಹಾಡಿದವರಿಗೆ ಜನ ಕೊಟ್ಟಿದ್ದು ಮೊರದ ತುದಿಯ ಕಾಳು. ಹಗಲೆಲ್ಲ ದುಡಿದು ಉಳಿದ ಬೆಳಕಿನಲ್ಲಿ ಕಸೂತಿ ಮಾಡಬೇಕಾದ್ದು ಯಾರೂ ಬಯಸಿ ಪಡೆದ ಸ್ಥಿತಿಯಲ್ಲ. ಅವರಿಗೆ ಇನ್ನೊಂದಿಷ್ಟು ಹೊತ್ತು ಸಿಕ್ಕಿದ್ದರೆ, ಸರಿಯಾದ ಕೂಲಿ ಸಿಕ್ಕಿದ್ದರೆ ಏನೇನು ಮಾಡುತ್ತಿದ್ದರೋ! ಗೌರವಿಸುವುದೆಂದರೆ ಶಾಲು ಹೊದಿಸುವುದಷ್ಟೇ ಅಲ್ಲ. ಕಸೂತಿಯ ಚೀಲಕ್ಕೆ ಚೌಕಾಸಿ ಮಾಡದೆ ಬೆಲೆ ಕೊಡುವುದು ಗೌರವ. ಮನೆಯಲ್ಲಿ ಹಾಡುವ, ಬರೆಯುವ, ಹೊಲಿಯುವ ಹೆಣ್ಣುಮಗಳಿದ್ದರೆ ಅವಳ ಆ ಒಂದು ಗಂಟೆಗೆ ಯಾರೂ ಅಡ್ಡ ಬರದಂತೆ ನೋಡಿಕೊಳ್ಳುವುದು ಗೌರವ. ಆ ಹೊತ್ತಿನಲ್ಲಿ ಗಂಡಸರು ಎದ್ದು ಚಹಾ ತಾವೇ ಮಾಡಿಕೊಂಡರೆ ಅದೂ ಕಲೆಯ ಸೇವೆಯೇ.

ವಿದ್ಯಾರ್ಥಿಗಳೆ, ನಿಮ್ಮೆಲ್ಲರ ಕೈಯಲ್ಲೂ ಮೊಬೈಲ್ ಇದೆ. ನಿಮ್ಮ ಅಜ್ಜಿ ಬೀಸುವಾಗ ಕಲಿತ ಹಾಡನ್ನು, ತಾಂಡಾದ ಅಜ್ಜಿಯ ಹೊಲಿಗೆಯನ್ನು ಇವತ್ತೇ ರೆಕಾರ್ಡ್ ಮಾಡಿಕೊಳ್ಳಿ. ಅದು ಅಗತ್ಯ. ಆದರೆ ರೆಕಾರ್ಡಿಂಗ್ ಕೂಡ ಬ್ಯಾಂಕಿನ ಠೇವಣಿಯಂತೆ. ಭದ್ರವಾಗಿರುತ್ತದೆ, ಬೆಳೆಯುವುದಿಲ್ಲ. ಕಾವ್ಯ ಉಸಿರಾಡಬೇಕಾದರೆ ಯಾವುದಾದರೂ ಎಳೆಯ ನಾಲಗೆ ಅದನ್ನು ದಿನಾ ಮುಟ್ಟಬೇಕು. ಒಂದು ಹಾಡು ಸಾಕು, ಒಂದು ಹೊಲಿಗೆ ಸಾಕು, ದಿನಕ್ಕೆ ಕಾಲು ಗಂಟೆ ಸಾಕು. ಮೊದಲ ವಾರ ಬೇಸರವಾಗುತ್ತದೆ. ಮೊದಲ ತಿಂಗಳು ಏನೂ ಬರಲಿಲ್ಲ ಅನಿಸುತ್ತದೆ. ಆ ಬೇಸರವನ್ನು ದಾಟಿದ ಮೇಲೆ ಒಂದು ದಿನ ನಿಮ್ಮ ಬೆರಳಿಗೆ ತಾನೇ ಗೊತ್ತಾಗುತ್ತದೆ.

ದತ್ತಿ ದಾನಿಗಳಲ್ಲಿ ನನ್ನದೊಂದು ಬಿನ್ನಹ. ಮುಂದಿನ ವರ್ಷ ಈ ಉಪನ್ಯಾಸ ನಡೆಯುವಾಗ ಭಾಷಣಕ್ಕೆ ಮೊದಲು ಹತ್ತು ನಿಮಿಷ ಬಿಟ್ಟುಕೊಡಿ. ಈ ಊರಿನ ಒಬ್ಬ ಹುಡುಗಿ ಇಲ್ಲಿ ನಿಂತು, ಮುದ್ರಿತ ಕುಮಾರರಾಮನ ಕಾವ್ಯದಿಂದ ತಾನು ಕಲಿತ ಒಂದು ಭಾಗವನ್ನು, ಇಲ್ಲವೇ ತನ್ನ ಅಜ್ಜಿಯಿಂದ ಕಲಿತ ಒಂದು ಹಾಡನ್ನು ಕಾಗದ ನೋಡದೆ ಹಾಡಲಿ. ತಪ್ಪಿದರೆ ತಪ್ಪಲಿ, ಮುಂದಿನ ಸಾಲಿನಲ್ಲಿ ಕುಳಿತ ತಾಯಂದಿರು ಸೊಲ್ಲು ಎತ್ತಿಕೊಡುತ್ತಾರೆ. ಬ್ಯಾಂಕಿನ ಅಸಲನ್ನು ಯಾರೂ ಮುಟ್ಟುವುದು ಬೇಡ. ಈರಮ್ಮನವರು ಬಿಟ್ಟುಹೋದ ಅಸಲನ್ನು ಮಾತ್ರ ಆ ಹುಡುಗಿ ನಾಳೆ ಬೆಳಿಗ್ಗೆಯಿಂದಲೇ ಮುಟ್ಟಲು ಶುರುಮಾಡಲಿ.